ಮನಸ್ಸಿನೊಳಗೆ ಮಾತಾಡುವುದು ಯಾರು? ತಮ್ಮಷ್ಟಕ್ಕೆ ತಾವೇ ಮಾತಾಡಿಕೊಂಡರೆ ಹುಚ್ಚೇ?

ಹಿರೇಕೆರೂರು ತಾಲ್ಲೂಕಿನ ಒಂದು ಹಳ್ಳಿಯಿಂದ ಓದುಗರೊಬ್ಬರು ನಮಗೆ ಒಂದು ಫಾರ್ವರ್ಡ್ ಕಳಿಸಿದ್ದಾರೆ. ಅವರ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದದ್ದು. ಒಬ್ಬರೇ ಇದ್ದಾಗ ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವುದು ಹುಚ್ಚಿನ ಮೊದಲ ಲಕ್ಷಣ, ಮನಸ್ಸಿನೊಳಗೆ ಕೇಳುವ ದನಿ ನಮ್ಮದಲ್ಲ, ಬೇರೆಯದೇ ಶಕ್ತಿಯದು, ಕೂಡಲೇ ಹತ್ತು ಜನರಿಗೆ ಕಳಿಸಿ ಎಚ್ಚರಿಸಿ ಎಂದು ಅದರಲ್ಲಿದೆ. ಅದರ ಕೆಳಗೆ ಅವರು ಹೀಗೆ ಬರೆದಿದ್ದಾರೆ:

"ನಮಸ್ಕಾರ್ರೀ. ನಾ ಹೊಲದಾಗ ಕೆಲಸ ಮಾಡುವಾಗ ಮನಸ್ಸಿನಾಗ ಲೆಕ್ಕ ಹಾಕ್ಕೋತ ಇರ್ತೀನಿ, ಒಮ್ಮೊಮ್ಮೆ ಬಾಯಿಬಿಟ್ಟೂ ಮಾತಾಡ್ತೀನಿ. ಇದು ರೋಗ ಏನ್ರೀ? ಮತ್ತ ನಮ್ಮ ತಮ್ಮಗ ನಾಕೈದು ತಿಂಗಳಾತು, ಯಾರೋ ಬೈದಂಗ ಕೇಳಸ್ತೈತಿ ಅಂತಾನ. ಮನ್ಯಾಗ ಗಾಳಿ ಆಗೇತಿ ಅಂತಾರ. ನಂದೂ ಅವಂದೂ ಒಂದ ಏನ್ರೀ?"

ಫಾರ್ವರ್ಡ್ ತಪ್ಪು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಈ ಕೊನೆಯ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಾಲದು. ಮೊದಲು ಚಿಕ್ಕದಾಗಿ ಹೇಳುತ್ತೇವೆ: ಇಲ್ಲ, ಎರಡೂ ಒಂದೇ ಅಲ್ಲ. ಅಕ್ಕನದು ಆರೋಗ್ಯವಂತ ಮೆದುಳು ದಿನವೂ ಮಾಡುವ ಕೆಲಸ. ತಮ್ಮನದು ವೈದ್ಯರಿಗೆ ತೋರಿಸಬೇಕಾದ ತೊಂದರೆ. ಆದರೆ ಎರಡರಲ್ಲೂ ಮೆದುಳಿನ ಅದೇ ಮಾತಿನ ವ್ಯವಸ್ಥೆ ಕೆಲಸ ಮಾಡುತ್ತದೆ. ಆ ವ್ಯವಸ್ಥೆ ಹೇಗಿದೆ ಎಂದು ತಿಳಿದರೆ ಗಾಳಿಯ ಭಯ ತಾನಾಗಿಯೇ ಇಳಿಯುತ್ತದೆ.

ಮೊದಲು ಒಂದು ಸಣ್ಣ ಪ್ರಯೋಗ

ಸರ್ವಜ್ಞ ಹುಟ್ಟಿದ ಊರೆಂದು ಹೆಸರಾದ ಅಬಲೂರು ಇರುವುದು ಹಿರೇಕೆರೂರು ತಾಲ್ಲೂಕಿನಲ್ಲೇ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ. ಶಾಲೆಯಲ್ಲಿ ಕಲಿತ ಯಾವುದಾದರೂ ಒಂದು ಸರ್ವಜ್ಞ ವಚನವನ್ನು ನೆನಪು ಮಾಡಿಕೊಳ್ಳಿ. ಈಗ ಅದನ್ನು ತುಟಿ ಅಲುಗಿಸದೆ, ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳಿ.

ಏನಾಯಿತು? ಮೂರು ಸಾಲೂ ಒಂದರ ಹಿಂದೆ ಒಂದು ಬಂದವು. ಪ್ರಾಸದ ಅಕ್ಷರ ಬಂದಲ್ಲಿ ಒತ್ತು ಬಿತ್ತು. ಕೊನೆಗೆ ‘ಸರ್ವಜ್ಞ’ ಎನ್ನುವ ಮುಂಚೆ ಒಂದು ಸಣ್ಣ ತಡೆಯೂ ಇತ್ತು. ಪಕ್ಕದಲ್ಲಿ ಕೂತವರಿಗೆ ಏನೂ ಕೇಳಿಸಲಿಲ್ಲ, ನಿಮ್ಮ ಕಿವಿಗೂ ಏನೂ ಬೀಳಲಿಲ್ಲ. ಆದರೂ ನೀವು ಅದನ್ನು ‘ಕೇಳಿದಿರಿ’. ಅದೂ ನಿಮ್ಮದೇ ಲಯದಲ್ಲಿ, ನಿಮ್ಮದೇ ಉಚ್ಚಾರದಲ್ಲಿ.

ಇದನ್ನೇ ವಿಜ್ಞಾನಿಗಳು ಒಳಮಾತು ಎನ್ನುತ್ತಾರೆ. ಪೇಟೆಗೆ ಹೋಗುವಾಗ ತರಬೇಕಾದ ಸಾಮಾನು ನೆನಪಿಸಿಕೊಳ್ಳುವುದು, ನಿನ್ನೆ ಜಗಳದಲ್ಲಿ ಹೇಳಬೇಕಿದ್ದ ಮಾತನ್ನು ಇವತ್ತು ಮನಸ್ಸಿನಲ್ಲಿ ಹೇಳಿಕೊಳ್ಳುವುದು, ‘ಹೆದರಬೇಡ, ಆಗುತ್ತೆ’ ಎಂದು ತನಗೆ ತಾನೇ ಧೈರ್ಯ ಹೇಳಿಕೊಳ್ಳುವುದು ಎಲ್ಲವೂ ಒಳಮಾತೇ. ಕೆಲವರಿಗೆ ಈ ದನಿ ಸ್ಪಷ್ಟವಾಗಿರುತ್ತದೆ, ಕೆಲವರಿಗೆ ಮಸುಕಾಗಿರುತ್ತದೆ. ಸರ್ವಜ್ಞನ ವಚನ ಮನಸ್ಸಿನಲ್ಲಿ ‘ಕೇಳಿಸಲೇ ಇಲ್ಲ’ ಎನ್ನುವವರೂ ಇದ್ದಾರೆ. ಅವರೂ ಗಾಬರಿ ಆಗಬೇಕಿಲ್ಲ. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇವೆ.

ಒಳಮಾತನ್ನು ನಾವು ಕಲಿತದ್ದು ಯಾವಾಗ?

ಹುಟ್ಟಿದ ಮಗುವಿಗೆ ಒಳಮಾತು ಇರುವುದಿಲ್ಲ. ಅದು ಹೊರಗಿನಿಂದ ಒಳಗೆ ಹೋಗುತ್ತದೆ. ನಾಲ್ಕು ವರ್ಷದ ಮಗು ಒಂದೇ ಕೂತು ಆಡುವಾಗ ಗಮನಿಸಿ: ‘ಇದು ಇಲ್ಲಿ ಇಡ್ಬೇಕು... ಬಿತ್ತು... ಮತ್ತೆ ಇಡ್ತೀನಿ’ ಎಂದು ಯಾರಿಗೂ ಅಲ್ಲದೆ ಜೋರಾಗಿ ಹೇಳುತ್ತಿರುತ್ತದೆ. ಒಂದೆರಡು ವರ್ಷ ಕಳೆದರೆ ಆ ಜೋರು ಮಾತು ಪಿಸುಮಾತಾಗುತ್ತದೆ. ಆಮೇಲೆ ತುಟಿ ಮಾತ್ರ ಅಲುಗುತ್ತದೆ. ಕೊನೆಗೆ ಅದೂ ನಿಂತು, ಮಾತು ಒಳಗೆ ಹೋಗುತ್ತದೆ.

ರಷ್ಯಾದ ಮನೋವಿಜ್ಞಾನಿ ಲೆವ್ ವಿಗೋಟ್ಸ್ಕಿ ಈ ದಾರಿಯನ್ನು ಗುರುತಿಸಿದರು. ಅವರ ಪುಸ್ತಕ ಹೊರಬಂದದ್ದು 1934ರಲ್ಲಿ, ಅವರು ತೀರಿಕೊಂಡ ವರ್ಷವೇ. ಮಕ್ಕಳಿಗೆ ಕೆಲಸ ಕಷ್ಟವಾದಷ್ಟೂ ತಮ್ಮೊಳಗೆ ತಾವೇ ಮಾತಾಡುವುದು ಹೆಚ್ಚುತ್ತದೆ ಎಂಬುದನ್ನು ಅವರು ಕಂಡರು. ಅಂದರೆ ಅದು ಸುಮ್ಮನೆ ಬಡಬಡಿಸುವುದಲ್ಲ, ಯೋಚಿಸಲು ಹಿಡಿದುಕೊಂಡ ಊರುಗೋಲು.

ಇದು ನಮಗೆ ಹೊಸ ಸಂಗತಿಯಲ್ಲ. ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿತದ್ದು ಹೀಗೇ ಅಲ್ಲವೇ? ಮೊದಲು ಇಡೀ ತರಗತಿ ಒಟ್ಟಿಗೆ ಕೂಗಿ ಹೇಳುವುದು, ಆಮೇಲೆ ಪರೀಕ್ಷೆಯಲ್ಲಿ ಪಿಸುಗುಟ್ಟುವುದು, ಕೊನೆಗೆ ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ಮನಸ್ಸಿನಲ್ಲೇ ‘ಏಳೆಂಟ್ಲೆ ಐವತ್ತಾರು’. ಜಪದಲ್ಲೂ ನಮ್ಮವರು ಮೂರು ಬಗೆ ಹೇಳುತ್ತಾರೆ: ಕೇಳುವಂತೆ ಹೇಳುವ ವಾಚಿಕ, ತುಟಿ ಮಾತ್ರ ಅಲುಗುವ ಉಪಾಂಶು, ಮನಸ್ಸಿನಲ್ಲೇ ನಡೆಯುವ ಮಾನಸ. ವಿಗೋಟ್ಸ್ಕಿ ಮಕ್ಕಳಲ್ಲಿ ಕಂಡ ಮೂರು ಮೆಟ್ಟಿಲೂ ಇವೇ.

ದೊಡ್ಡವರಾದ ಮೇಲೂ ಕೆಲಸ ಕಷ್ಟವಾದಾಗ ನಾವು ಒಂದು ಮೆಟ್ಟಿಲು ಕೆಳಗಿಳಿಯುತ್ತೇವೆ. ಕಳೆದ ಬೀಗದ ಕೈ ಹುಡುಕುವಾಗ ‘ಎಲ್ಲಿಟ್ಟೆ, ಎಲ್ಲಿಟ್ಟೆ’ ಎಂದು ಬಾಯಿಬಿಟ್ಟು ಹೇಳುತ್ತೇವೆ. ದೊಡ್ಡ ಮೊತ್ತ ಕೂಡುವಾಗ ತುಟಿ ಅಲುಗುತ್ತದೆ. ನಮ್ಮ ಓದುಗರು ಹೊಲದಲ್ಲಿ ಮಾಡುತ್ತಿರುವುದೂ ಅದನ್ನೇ. ಇದು ರೋಗವಲ್ಲ.

ಬಾಯಿ ಮುಚ್ಚಿದ್ದರೂ ಮೆದುಳು ಮಾತಾಡುವುದು ಹೇಗೆ?

ಮಾತು ಹೊರಬರಬೇಕಾದರೆ ಮೆದುಳು ಮೂರು ಕೆಲಸ ಮಾಡಬೇಕು. ಏನು ಹೇಳಬೇಕೆಂದು ಆರಿಸಬೇಕು. ಅದನ್ನು ಶಬ್ದಗಳಾಗಿ ಜೋಡಿಸಬೇಕು. ಆಮೇಲೆ ತುಟಿ, ನಾಲಿಗೆ, ಗಂಟಲು, ಉಸಿರು ಇವಕ್ಕೆಲ್ಲ ಸರಿಯಾದ ಕ್ಷಣಕ್ಕೆ ಅಪ್ಪಣೆ ಕೊಡಬೇಕು.

ಈ ಜೋಡಣೆಯ ಜಾಗ ಮೊದಲು ಪತ್ತೆಯಾದದ್ದು 1861ರಲ್ಲಿ. ಫ್ರಾನ್ಸ್‌ನ ವೈದ್ಯ ಪಾಲ್ ಬ್ರೋಕಾ ಅವರ ಬಳಿ ಒಬ್ಬ ರೋಗಿ ಬಂದ. ಬೇರೆಯವರ ಮಾತು ಅವನಿಗೆ ಅರ್ಥವಾಗುತ್ತಿತ್ತು, ಆದರೆ ಅವನ ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ ‘ತಾನ್’ ಎಂಬ ಒಂದೇ ಶಬ್ದ. ಅವನು ತೀರಿಕೊಂಡ ಮೇಲೆ ನೋಡಿದರೆ ಮೆದುಳಿನ ಎಡಭಾಗದಲ್ಲಿ, ಹಣೆಯ ಹಿಂದೆ, ಒಂದು ಜಾಗ ಹಾಳಾಗಿತ್ತು. ಅದಕ್ಕೆ ಇಂದಿಗೂ ಬ್ರೋಕಾ ಪ್ರದೇಶ ಎನ್ನುತ್ತಾರೆ. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ ಇನ್ನೊಂದು ಜಾಗ ಗುರುತಿಸಿದರು. ಎಡಕಿವಿಯ ಮೇಲೆ, ತುಸು ಹಿಂದೆ ಇರುವ ಅದು ಕೇಳಿದ ಮಾತನ್ನು ಅರ್ಥ ಮಾಡಿಕೊಳ್ಳಲು ಬೇಕು. ಮೆದುಳಿನಲ್ಲಿ ಮಾತಿನ ಜಾಲ ಇವೆರಡಕ್ಕಿಂತ ದೊಡ್ಡದು ಎಂದು ಈಗ ಗೊತ್ತಾಗಿದೆ. ಆದರೆ ಮುಂದೆ ‘ಹೇಳುವ ಭಾಗ’, ಹಿಂದೆ ‘ಕೇಳುವ ಭಾಗ’ ಎಂಬ ಸರಳ ಚಿತ್ರ ನಮ್ಮ ಇವತ್ತಿನ ವಿಷಯಕ್ಕೆ ಸಾಕು.

ಮನಸ್ಸಿನಲ್ಲಿ ಮಾತಾಡುವವರ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಕಂಡದ್ದು ಇದು: ಬಾಯಿಬಿಟ್ಟು ಮಾತಾಡುವಾಗ ಚುರುಕಾಗುವ ಜಾಗಗಳಲ್ಲಿ ಹಲವು ಆಗಲೂ ಚುರುಕಾಗುತ್ತವೆ, ಬ್ರೋಕಾ ಪ್ರದೇಶವೂ ಸೇರಿ. ಅಂದರೆ ಮಾತು ಒಳಗೆ ಬಹುತೇಕ ಪೂರ್ತಿ ತಯಾರಾಗುತ್ತದೆ. ಕೊನೆಯ ಗಳಿಗೆಯಲ್ಲಿ ಬಾಯಿಗೆ ಹೋಗಬೇಕಾದ ಅಪ್ಪಣೆಯನ್ನು ಮೆದುಳು ತಡೆಹಿಡಿಯುತ್ತದೆ. ಗಾಡಿ ಶುರುವಾಗಿದೆ, ಆದರೆ ಕ್ಲಚ್ ಒತ್ತಿ ಹಿಡಿದಿದೆ.

ತಡೆಹಿಡಿದರೂ ಸ್ವಲ್ಪ ಸೋರುವುದುಂಟು. 1930ರ ದಶಕದಲ್ಲಿ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಜನರ ತುಟಿ, ನಾಲಿಗೆಗಳ ಸ್ನಾಯುಗಳಿಗೆ ಸೂಕ್ಷ್ಮ ತಂತಿ ಜೋಡಿಸಿ ನೋಡಿದರು. ಮನಸ್ಸಿನಲ್ಲಿ ಮಾತ್ರ ಮಾತಾಡಿದಾಗಲೂ ಅಲ್ಲಿ ಅತಿ ಸಣ್ಣ ವಿದ್ಯುತ್ ಮಿಡಿತ ಕಾಣಿಸಿತು. ಹಾಗಾದರೆ ಯೋಚನೆ ಎಂದರೆ ಬಾಯಿಯ ಸಣ್ಣ ಚಲನೆಯೇ? ಆ ಕಾಲದಲ್ಲಿ ಹಾಗೆ ವಾದಿಸಿದವರೂ ಇದ್ದರು. ಅದನ್ನು ಪರೀಕ್ಷಿಸಲು 1947ರಲ್ಲಿ ಸ್ಕಾಟ್ ಸ್ಮಿತ್ ಎಂಬ ಅರಿವಳಿಕೆ ವೈದ್ಯರು ಕುರಾರೆ ಎಂಬ ಮದ್ದನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಅದು ದೇಹದ ಸ್ನಾಯುಗಳನ್ನೆಲ್ಲ ನಿಶ್ಚಲ ಮಾಡುತ್ತದೆ. ಉಸಿರಾಟವನ್ನೂ ಬೇರೆಯವರು ನಡೆಸಬೇಕಾಯಿತು. ತುಟಿ, ನಾಲಿಗೆ ಯಾವುದೂ ಅಲುಗುತ್ತಿರಲಿಲ್ಲ. ಆದರೆ ಯೋಚನೆ ನಿಲ್ಲಲಿಲ್ಲ. ಸುತ್ತ ನಡೆದದ್ದೆಲ್ಲ ತನಗೆ ತಿಳಿಯುತ್ತಿತ್ತು ಎಂದು ಆಮೇಲೆ ಅವರು ಹೇಳಿದರು. ಇದನ್ನು ಯಾರೂ ಮಾಡಿ ನೋಡಬಾರದು ಎಂದು ಬೇರೆ ಹೇಳಬೇಕಿಲ್ಲ. ಆದರೆ ಇದರಿಂದ ಒಂದು ಸಂಗತಿ ತೀರ್ಮಾನವಾಯಿತು: ಯೋಚಿಸಲು ಬಾಯಿ ಅಲುಗಬೇಕಿಲ್ಲ.

ಒಳಮಾತಿನಿಂದ ಏನು ಉಪಯೋಗ?

ಇನ್ನೊಂದು ಪ್ರಯೋಗ. ಯಾರಾದರೂ ನಿಮಗೆ ಗೊತ್ತಿಲ್ಲದ ಹತ್ತಂಕಿಯ ಮೊಬೈಲ್ ನಂಬರ್ ಒಂದನ್ನು ಹೇಳಲಿ. ಅದನ್ನು ಬರೆದುಕೊಳ್ಳದೆ ಅರ್ಧ ನಿಮಿಷ ನೆನಪಿಟ್ಟುಕೊಳ್ಳಿ. ಮನಸ್ಸಿನಲ್ಲಿ ಅದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದೀರಿ ಅಲ್ಲವೇ? ಈಗ ಇನ್ನೊಂದು ನಂಬರ್ ಕೇಳಿಸಿಕೊಳ್ಳಿ. ಆದರೆ ಈ ಸಲ ನೆನಪಿಟ್ಟುಕೊಳ್ಳುವಾಗ ಬಾಯಲ್ಲಿ ‘ಲ ಲ ಲ ಲ’ ಎನ್ನುತ್ತಲೇ ಇರಿ. ಹೆಚ್ಚಿನವರಿಗೆ ನಂಬರ್ ಜಾರಿಹೋಗುತ್ತದೆ. ಏಕೆಂದರೆ ಮಾತು ತಯಾರಿಸುವ ವ್ಯವಸ್ಥೆಗೆ ಬೇರೆ ಕೆಲಸ ಹಚ್ಚಿದಿರಿ, ಒಳಮಾತಿಗೆ ಜಾಗ ಉಳಿಯಲಿಲ್ಲ.

ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಈ ಒಳಗಿನ ‘ಮರುಕಳಿಸುವ ಸುರುಳಿ’ಯ ಬಗ್ಗೆ 1974ರಿಂದ ಬರೆದರು. ಆ ಸುರುಳಿಯಲ್ಲಿ ಸುಮಾರು 2 ಸೆಕೆಂಡಿನಲ್ಲಿ ಹೇಳಬಹುದಾದಷ್ಟು ಮಾತು ಮಾತ್ರ ನಿಲ್ಲುತ್ತದೆ. ಹತ್ತಂಕಿಯ ನಂಬರನ್ನು ನಾವು ಎರಡು ಮೂರು ತುಂಡು ಮಾಡಿ ಹೇಳುವುದರಿಂದ ಈ ಸುರುಳಿಗೆ ಹೊರೆ ಕಡಿಮೆಯಾಗುತ್ತದೆ.

ಒಳಮಾತು ಇಲ್ಲವಾದರೆ ಹೇಗಿರುತ್ತದೆ ಎಂಬುದನ್ನು ಅನುಭವಿಸಿ ಬರೆದವರೂ ಇದ್ದಾರೆ. ಅಮೆರಿಕದ ಮೆದುಳು ವಿಜ್ಞಾನಿ ಜಿಲ್ ಬೋಲ್ಟ್ ಟೇಲರ್ ಅವರಿಗೆ 1996ರ ಡಿಸೆಂಬರ್ 10ರಂದು ಮೆದುಳಿನ ಎಡಭಾಗದಲ್ಲಿ ರಕ್ತಸ್ರಾವವಾಯಿತು. ತಲೆಯೊಳಗಿನ ಮಾತು ಪೂರ್ತಿ ನಿಂತುಹೋಯಿತು, ಒಂದು ಬಗೆಯ ನಿಶ್ಶಬ್ದ ಆವರಿಸಿತು ಎಂದು ಅವರು ಹೇಳಿದ್ದಾರೆ. ಸಹಾಯಕ್ಕೆ ಫೋನ್ ಮಾಡುವುದಕ್ಕೂ ಅವರು ಬಹಳ ಹೊತ್ತು ಒದ್ದಾಡಿದರು. ಪೂರ್ತಿ ಚೇತರಿಸಿಕೊಳ್ಳಲು ಎಂಟು ವರ್ಷ ಹಿಡಿಯಿತು.

ಇದು ನನ್ನದೇ ದನಿ ಎಂದು ಮೆದುಳಿಗೆ ಗೊತ್ತಾಗುವುದು ಹೇಗೆ?

ಈಗ ಮುಖ್ಯ ವಿಷಯಕ್ಕೆ ಬಂದೆವು. ನಿಮಗೆ ನೀವೇ ಕಚಗುಳಿ ಇಟ್ಟುಕೊಳ್ಳಿ. ನಗು ಬರುವುದಿಲ್ಲ. ಅದೇ ಜಾಗಕ್ಕೆ ಬೇರೆಯವರು ಕೈ ಹಾಕಿದರೆ ಕುಣಿದಾಡುತ್ತೀರಿ. ಯಾಕೆ?

ದಲಾಲಿ ಅಂಗಡಿಯಲ್ಲಿ ಗೋವಿನಜೋಳ ತೂಗಿದ ಮೇಲೆ ಚೀಟಿ ಬರೆಯುವುದನ್ನು ನೆನಪಿಸಿಕೊಳ್ಳಿ. ಕೆಳಗೆ ಕಾರ್ಬನ್ ಕಾಗದ ಇಟ್ಟು ಬರೆಯುತ್ತಾರೆ. ಒಂದು ಪ್ರತಿ ರೈತನಿಗೆ, ಒಂದು ಅಂಗಡಿಗೆ. ನಾಳೆ ಯಾರಾದರೂ ಚೀಟಿ ತಂದರೆ ತಮ್ಮ ಪ್ರತಿಯ ಜೊತೆ ತಾಳೆ ನೋಡಿ ‘ಹೌದು, ಇದು ನಮ್ಮದೇ’ ಎನ್ನುತ್ತಾರೆ.

ಮೆದುಳೂ ಹೀಗೇ ಮಾಡುತ್ತದೆ. ಕೈಗಾಗಲಿ ಬಾಯಿಗಾಗಲಿ ಅಪ್ಪಣೆ ಕಳಿಸುವಾಗ ಅದರ ಒಂದು ಪ್ರತಿಯನ್ನು ಅನುಭವಿಸುವ ಭಾಗಕ್ಕೂ ಕಳಿಸುತ್ತದೆ: ‘ಈಗ ಇಂಥದ್ದು ಬರುತ್ತದೆ, ಅದು ನಮ್ಮದೇ, ಬೆಚ್ಚಬೇಡ.’ ಆದ್ದರಿಂದ ನಮ್ಮದೇ ಕೈ ಮುಟ್ಟಿದಾಗ ಮೆದುಳು ಅದನ್ನು ತುಸು ತಗ್ಗಿಸಿ ಅನುಭವಿಸುತ್ತದೆ. ಲಂಡನ್ನಿನ ಸಾರಾ ಬ್ಲೇಕ್‌ಮೋರ್ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಮೆದುಳಿನ ಸ್ಕ್ಯಾನ್‌ನಲ್ಲೇ ತೋರಿಸಿದರು.

ಒಳಮಾತಿಗೂ ಈ ಪ್ರತಿ ಇದೆಯೇ? 2017ರಲ್ಲಿ ಆಸ್ಟ್ರೇಲಿಯಾದ ಥಾಮಸ್ ವಿಟ್‌ಫರ್ಡ್ ಮತ್ತು ತಂಡ ಒಂದು ಜಾಣ ಪ್ರಯೋಗ ಮಾಡಿತು. ಜನರ ಕಿವಿಗೆ ಹೆಡ್‌ಫೋನ್ ಹಾಕಿ, ಒಂದು ನಿಗದಿತ ಕ್ಷಣಕ್ಕೆ ಮನಸ್ಸಿನಲ್ಲಿ ‘ಬಾ’ ಎನ್ನಲು ಹೇಳಿದರು. ಅದೇ ಕ್ಷಣಕ್ಕೆ ಹೆಡ್‌ಫೋನ್‌ನಲ್ಲೂ ಒಂದು ಶಬ್ದ ಕೇಳಿಸಿದರು. ಕೇಳಿಸಿದ್ದೂ ‘ಬಾ’ ಆಗಿದ್ದರೆ ಮೆದುಳಿನ ಕೇಳುವ ಭಾಗದ ಪ್ರತಿಕ್ರಿಯೆ ತಗ್ಗಿತು. ಬೇರೆ ಶಬ್ದವಾಗಿದ್ದರೆ ತಗ್ಗಲಿಲ್ಲ. ಮನಸ್ಸಿನಲ್ಲಿ ಹೇಳಿದ ಶಬ್ದಕ್ಕೂ ಕಾರ್ಬನ್ ಪ್ರತಿ ಹೋಗುತ್ತದೆ, ಅದರಲ್ಲಿ ಯಾವ ಶಬ್ದ ಎಂಬುದೂ ಬರೆದಿರುತ್ತದೆ ಎಂದು ಇದರಿಂದ ಕಾಣುತ್ತದೆ.

ನಮ್ಮೊಳಗೆ ದಿನವಿಡೀ ಇಷ್ಟೊಂದು ಮಾತು ನಡೆದರೂ ‘ಯಾರು ಮಾತಾಡಿದ್ದು?’ ಎಂದು ನಾವು ತಿರುಗಿ ನೋಡದೇ ಇರುವುದಕ್ಕೆ ಈ ಚೀಟಿಯೇ ಕಾರಣ.

ಚೀಟಿ ತಲುಪದಿದ್ದರೆ?

ಈಗ ಆ ಪ್ರತಿ ತಲುಪಲಿಲ್ಲ, ಅಥವಾ ತಾಳೆಯಾಗಲಿಲ್ಲ ಎಂದುಕೊಳ್ಳಿ. ಮಾತು ಹುಟ್ಟಿದ್ದು ತನ್ನ ಮೆದುಳಿನಲ್ಲೇ. ಆದರೆ ಅದಕ್ಕೆ ‘ನಮ್ಮದು’ ಎಂಬ ಗುರುತಿಲ್ಲ. ಆಗ ಅದು ಬೇರೆ ಯಾರೋ ಆಡಿದ ಮಾತಿನಂತೆ ಕೇಳುತ್ತದೆ. ಇಲ್ಲದ ದನಿ ಕೇಳಿಸುವ ತೊಂದರೆಗೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆಗಳಲ್ಲಿ ಇದೂ ಒಂದು. ಎಲ್ಲ ದನಿಗಳಿಗೂ ಇದೊಂದೇ ಕಾರಣ ಎಂದಲ್ಲ. ಆದರೆ ಇದಕ್ಕೆ ಆಧಾರಗಳಿವೆ.

1993ರಲ್ಲಿ ಲಂಡನ್ನಿನ ಫಿಲಿಪ್ ಮೆಗ್ವೈರ್ ಮತ್ತು ತಂಡ, ಸ್ಕಿಜೋಫ್ರೇನಿಯಾ ಇರುವ 12 ಜನರ ಮೆದುಳನ್ನು ದನಿ ಕೇಳಿಸುತ್ತಿರುವಾಗಲೇ ಸ್ಕ್ಯಾನ್ ಮಾಡಿತು. ಆಗ ಬ್ರೋಕಾ ಪ್ರದೇಶಕ್ಕೆ ರಕ್ತದ ಹರಿವು ಹೆಚ್ಚಿತ್ತು. ಅಂದರೆ ಅವರು ‘ಕೇಳುತ್ತಿದ್ದೇನೆ’ ಎನ್ನುತ್ತಿದ್ದಾಗ ಮೆದುಳಿನ ಹೇಳುವ ಭಾಗ ಚುರುಕಾಗಿತ್ತು. 2000ದಲ್ಲಿ ಬ್ಲೇಕ್‌ಮೋರ್ ತಂಡದ ಇನ್ನೊಂದು ಅಧ್ಯಯನ ಬಂತು. ಇಂಥ ದನಿ ಕೇಳಿಸುವ ರೋಗಿಗಳಿಗೆ ತಮ್ಮ ಸ್ಪರ್ಶಕ್ಕೂ ಬೇರೆಯವರ ಸ್ಪರ್ಶಕ್ಕೂ ವ್ಯತ್ಯಾಸ ಕಾಣಲಿಲ್ಲ. ಕಚಗುಳಿಯ ಚೀಟಿಯೂ ಅವರಲ್ಲಿ ತಪ್ಪಿತ್ತು.

ದನಿ ಏನು ಹೇಳುತ್ತದೆ ಎಂಬುದು ಮಾತ್ರ ಊರಿಂದ ಊರಿಗೆ ಬೇರೆ. ಅಮೆರಿಕದ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ ಮತ್ತು ನಮ್ಮ ಚೆನ್ನೈಯಲ್ಲಿ ತಲಾ 20 ರೋಗಿಗಳನ್ನು ಮಾತಾಡಿಸಿದರು. ಅಮೆರಿಕದವರು ಹೆಚ್ಚಾಗಿ ಅಪರಿಚಿತರ, ಹಿಂಸೆಯ ದನಿಗಳನ್ನು ಹೇಳಿದರು. ಚೆನ್ನೈಯವರಲ್ಲಿ ಹಲವರಿಗೆ ಕೇಳುತ್ತಿದ್ದದ್ದು ನೆಂಟರಿಷ್ಟರ ದನಿ. ಮನೆಗೆಲಸ ಮಾಡು ಎಂದು ಹೇಳುವುದು, ಬೈಯುವುದು, ಬುದ್ಧಿ ಹೇಳುವುದು. ಸುತ್ತಲಿನವರು ಏನು ಮಾತಾಡುತ್ತಾರೋ, ಯಾವುದನ್ನು ನಂಬುತ್ತಾರೋ ಅದರ ಬಟ್ಟೆಯನ್ನೇ ದನಿ ಉಡುತ್ತದೆ. ಗಾಳಿ-ದೆವ್ವದ ಮಾತು ಹೆಚ್ಚಿರುವ ಮನೆಯಲ್ಲಿ ಅದಕ್ಕೆ ದೆವ್ವದ ಹೆಸರು ಸಿಗುವುದು ಸಹಜ. ಆದರೆ ಹುಟ್ಟುವ ಜಾಗ ಮೆದುಳೇ.

ಈ ಬಗ್ಗೆ ಮಹತ್ವದ ಕೆಲಸ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಗಣೇಶನ್ ವೆಂಕಟಸುಬ್ರಮಣಿಯನ್ ಅವರ ತಂಡ, ಔಷಧಕ್ಕೂ ಬಗ್ಗದ ದನಿಗಳಿಗೆ ಒಂದು ಹೆಚ್ಚುವರಿ ಚಿಕಿತ್ಸೆಯನ್ನು ಪರೀಕ್ಷಿಸಿದೆ. ಹಣೆಯ ಎಡಭಾಗದಲ್ಲಿ ಒಂದು, ಎಡಕಿವಿಯ ಮೇಲೆ ಹಿಂದೆ ಒಂದು ಪಟ್ಟಿ ಇಟ್ಟು, 2 ಮಿಲಿಆಂಪಿಯರ್‌ನಷ್ಟು ಅತಿ ಸಣ್ಣ ವಿದ್ಯುತ್ತನ್ನು 20 ನಿಮಿಷ ಹರಿಸುವುದು. ಒಂದು ಪಟ್ಟಿ ಹೇಳುವ ಭಾಗದ ಕಡೆ, ಇನ್ನೊಂದು ಕೇಳುವ ಭಾಗದ ಕಡೆ ಇರುವುದನ್ನು ಗಮನಿಸಿ. 2018ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಹೆಸರಿಗೆ ಮಾತ್ರ ಪಟ್ಟಿ ಇಟ್ಟವರಿಗಿಂತ ನಿಜವಾದ ಚಿಕಿತ್ಸೆ ಪಡೆದವರಲ್ಲಿ ದನಿಗಳ ಕಾಟ ಹೆಚ್ಚು ಇಳಿದಿತ್ತು. ಜಗತ್ತಿನ ಬೇರೆ ಕಡೆಯ ಪ್ರಯೋಗಗಳಲ್ಲಿ ಫಲ ಒಂದೇ ತೆರನಾಗಿ ಬಂದಿಲ್ಲ. ಇವತ್ತಿಗೂ ಮುಖ್ಯ ಚಿಕಿತ್ಸೆ ಔಷಧವೇ. ಯೂಟ್ಯೂಬ್ ನೋಡಿ ಬ್ಯಾಟರಿ, ತಂತಿ ಹಿಡಿದು ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ.

ಹಾಗಂತ ಕೇಳಿದ ದನಿಯೆಲ್ಲ ರೋಗವಲ್ಲ

ನಿದ್ದೆಗೆ ಜಾರುವಾಗ ಯಾರೋ ಹೆಸರು ಹಿಡಿದು ಕರೆದಂತೆ ಆಗುವುದು ಬಹಳ ಜನರಿಗೆ ಆಗುತ್ತದೆ. ತೀರಿಕೊಂಡ ಗಂಡನ, ಹೆಂಡತಿಯ ದನಿ ಕೇಳಿಸಿತು ಎನ್ನುವುದೂ ಅಪರೂಪವಲ್ಲ. 1971ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ಒಬ್ಬ ವೈದ್ಯರು ಸಂಗಾತಿ ಕಳೆದುಕೊಂಡ 293 ಜನರನ್ನು ಮಾತಾಡಿಸಿದಾಗ, ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಜನ ತೀರಿಕೊಂಡವರ ದನಿ ಕೇಳಿದ್ದೇವೆ ಎಂದರು. ದುಃಖದಲ್ಲಿರುವವರನ್ನು ಇದಕ್ಕಾಗಿ ಹೆದರಿಸಬೇಕಿಲ್ಲ. ತುಂಬಾ ಜ್ವರ, ಕುಡಿತ ಒಮ್ಮೆಲೇ ಬಿಟ್ಟಾಗ, ಹಲವು ರಾತ್ರಿ ನಿದ್ದೆಗೆಟ್ಟಾಗ ಕೂಡ ದನಿ ಕೇಳಬಹುದು. ಅದರಲ್ಲಿ ಜ್ವರ ಮತ್ತು ಕುಡಿತ ಬಿಟ್ಟಾಗಿನದು ತುರ್ತು ವಿಷಯ, ಆಸ್ಪತ್ರೆಗೆ ಹೋಗಲೇಬೇಕು.

ಹಾಗಾದರೆ ವ್ಯತ್ಯಾಸ ಕಂಡುಕೊಳ್ಳುವುದು ಹೇಗೆ? ಮೂರು ಪ್ರಶ್ನೆ ಕೇಳಿ.

ದನಿ ಯಾರದು? ‘ನಾನೇ ನನ್ನೊಳಗೆ ಅಂದುಕೊಂಡೆ’ ಎಂದು ಅನಿಸಿದರೆ ಅದು ಒಳಮಾತು. ಬಾಯಿಬಿಟ್ಟು ಹೇಳಿಕೊಂಡರೂ ಸರಿ. ಬೇರೆ ಯಾರೋ ಮಾತಾಡಿದಂತೆ, ಹೊರಗಿನಿಂದ ಬಂದಂತೆ ಅನಿಸಿದರೆ ಗಮನ ಕೊಡಿ.

ಅದು ನಿಮ್ಮ ಹತೋಟಿಯಲ್ಲಿದೆಯೇ? ಒಳಮಾತನ್ನು ಬೇರೆ ವಿಷಯಕ್ಕೆ ತಿರುಗಿಸಬಹುದು. ಬೇಡವೆಂದರೂ ನಿಲ್ಲದೆ, ಬೈಯುವ, ಹೆದರಿಸುವ, ಅಪ್ಪಣೆ ಕೊಡುವ ದನಿ ಬೇರೆ.

ಬದುಕು ಕೆಟ್ಟಿದೆಯೇ? ನಿದ್ದೆ, ಊಟ, ಕೆಲಸ, ಜನರ ಜೊತೆ ಬೆರೆಯುವುದು ವಾರಗಟ್ಟಲೆ ಹದಗೆಟ್ಟಿದ್ದರೆ ಕಾಯಬೇಡಿ.

ಇನ್ನೆರಡು ಫಾರ್ವರ್ಡ್‌ಗಳ ವಿಚಾರ

ಒಳದನಿಯ ಬಗ್ಗೆ ಸುತ್ತುತ್ತಿರುವ ಇನ್ನೆರಡು ಮಾತನ್ನೂ ಇಲ್ಲೇ ಮುಗಿಸೋಣ.

‘ಅರ್ಧ ಜನರಿಗೆ ಒಳದನಿಯೇ ಇಲ್ಲ.’ 2020ರ ಆರಂಭದಲ್ಲಿ ಜಗತ್ತಿನ ತುಂಬ ಹರಡಿದ ಈ ಮಾತಿಗೆ ಗಟ್ಟಿ ಆಧಾರವಿಲ್ಲ. ಅಮೆರಿಕದ ರಸೆಲ್ ಹರ್ಲ್‌ಬರ್ಟ್ ಜನರಿಗೆ ಒಂದು ಬೀಪರ್ ಕೊಟ್ಟು, ಅದು ಸದ್ದು ಮಾಡಿದ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನಿತ್ತು ಎಂದು ಬರೆಸಿದರು. 2008ರಲ್ಲಿ ಪ್ರಕಟವಾದ ಅಂಥ ಅಧ್ಯಯನದಲ್ಲಿ 30 ವಿದ್ಯಾರ್ಥಿಗಳಿದ್ದರು. ಸರಾಸರಿ ನಾಲ್ಕು ಸಲಕ್ಕೆ ಒಂದು ಸಲ ಒಳಮಾತು ಸಿಕ್ಕಿತು. ಉಳಿದ ಹೊತ್ತು ಚಿತ್ರ, ಭಾವನೆ, ಮಾತಿಲ್ಲದ ಯೋಚನೆ ಇತ್ತು. ಇದು ಎಷ್ಟು ಹೊತ್ತು ಎಂಬ ಲೆಕ್ಕವೇ ಹೊರತು ಎಷ್ಟು ಜನರಿಗೆ ಇದೆ ಎಂಬ ಲೆಕ್ಕವಲ್ಲ. ಒಳಮಾತು ತೀರಾ ಕಡಿಮೆ ಇರುವವರು ಇದ್ದಾರೆ ಎಂಬುದು ಮಾತ್ರ ನಿಜ. 2024ರಲ್ಲಿ ಯೊಹಾನೆ ನೆಡರ್‌ಗಾರ್ಡ್ ಮತ್ತು ಗ್ಯಾರಿ ಲುಪ್ಯಾನ್ ಅಂಥವರನ್ನು ಪರೀಕ್ಷಿಸಿದರು. ಅವರಿಗೆ ಶಬ್ದಗಳ ಪಟ್ಟಿ ನೆನಪಿಡುವುದು, ಪ್ರಾಸ ಗುರುತಿಸುವುದು ತುಸು ಕಷ್ಟವಾಯಿತು. ಬೇರೆ ಕೆಲವು ಕೆಲಸಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದ್ದರಿಂದ ಸರ್ವಜ್ಞ ವಚನ ಮನಸ್ಸಿನಲ್ಲಿ ಕೇಳದವರೂ ಆರೋಗ್ಯವಾಗಿಯೇ ಇದ್ದಾರೆ.

‘ಮೊಬೈಲ್ ನಿಮ್ಮ ಮನಸ್ಸಿನ ಮಾತು ಕೇಳಿಸಿಕೊಳ್ಳುತ್ತದೆ, ಅದಕ್ಕೇ ಅಂದುಕೊಂಡ ಕೂಡಲೇ ಜಾಹೀರಾತು ಬರುತ್ತದೆ.’ ಇಲ್ಲ. ಒಳಮಾತನ್ನು ಓದುವುದು ಎಷ್ಟು ಕಷ್ಟ ಎಂಬುದಕ್ಕೆ 2025ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಕೆಲಸ ನೋಡಿ. ಪಾರ್ಶ್ವವಾಯು ಅಥವಾ ನರರೋಗದಿಂದ ಮಾತು ಕಷ್ಟವಾದ ನಾಲ್ವರ ಮೆದುಳಿನೊಳಗೆ ಶಸ್ತ್ರಚಿಕಿತ್ಸೆ ಮಾಡಿ ಎಲೆಕ್ಟ್ರೋಡ್ ಇಡಲಾಗಿತ್ತು. ಕಂಪ್ಯೂಟರಿಗೆ ಅವರ ಮೆದುಳಿನ ಸಂಕೇತಗಳನ್ನೇ ಕಲಿಸಬೇಕಾಯಿತು. ಇಷ್ಟಾದರೂ ಅವರು ಮನಸ್ಸಿನಲ್ಲಿ ಹೇಳಿಕೊಂಡ ವಾಕ್ಯಗಳನ್ನು ಗುರುತಿಸುವಲ್ಲಿ ನಿಖರತೆ ಹೆಚ್ಚೆಂದರೆ 74% ಇತ್ತು. ಬೇಡದ ಮಾತು ಸೋರಬಾರದೆಂದು ಮನಸ್ಸಿನಲ್ಲೇ ಹೇಳುವ ಒಂದು ಪಾಸ್‌ವರ್ಡನ್ನೂ ಅವರು ಇಟ್ಟರು. ಮಾತು ಕಳೆದುಕೊಂಡವರಿಗೆ ಇದು ದೊಡ್ಡ ಭರವಸೆ. ಜೇಬಿನ ಮೊಬೈಲಿಗೆ ಈ ಶಕ್ತಿ ಇಲ್ಲ. ಜಾಹೀರಾತು ಬರುವುದು ನೀವು ಹುಡುಕಿದ, ನೋಡಿದ, ಒತ್ತಿದ ಸಂಗತಿಗಳ ಆಧಾರದ ಮೇಲೆ.

ಹಾಗಾದರೆ ತಮ್ಮನಿಗೆ ಏನು ಮಾಡಬೇಕು?

ನಮಗೆ ಬರೆದ ಅಕ್ಕನಿಗೆ ನಾವು ಹೇಳುವುದು ಇಷ್ಟು. ನಿಮ್ಮ ಬಗ್ಗೆ ಚಿಂತೆ ಬಿಡಿ. ಹೊಲದಲ್ಲಿ ಲೆಕ್ಕ ಹಾಕುತ್ತಾ ಮಾತಾಡಿಕೊಳ್ಳಿ.

ತಮ್ಮನ ವಿಷಯದಲ್ಲಿ ತಡ ಮಾಡಬೇಡಿ. ನಾಲ್ಕೈದು ತಿಂಗಳಿಂದ ಬೈಯುವ ದನಿ ಕೇಳುತ್ತಿದೆ ಎಂದರೆ ಮನೋವೈದ್ಯರು ನೋಡಲೇಬೇಕು. ಯಾವ ರೋಗ, ಅದಕ್ಕೆ ಯಾವ ಔಷಧ ಎಂಬುದನ್ನು ನಾವು ದೂರದಿಂದ ಹೇಳಲಾರೆವು, ಹೇಳಬಾರದು. ಆದರೆ ಇಂಥ ತೊಂದರೆಗೆ ಚಿಕಿತ್ಸೆ ಇದೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಮೊದಲು 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಹತ್ತಿರದಲ್ಲಿ ಯಾರನ್ನು ಕಾಣಬೇಕು ಎಂದು ಅವರನ್ನೇ ಕೇಳಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಯಾವ ದಿನ ಬರುತ್ತಾರೆ ಎಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯರ ಹತ್ತಿರವೂ ವಿಚಾರಿಸಿ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದ ಡಿಮ್ಹಾನ್ಸ್ ಇದೆ.

ಮನೆಯವರು ದೇವರಿಗೆ ಹರಕೆ ಹೊತ್ತರೆ ಜಗಳ ಬೇಡ. ಹರಕೆಯೂ ಇರಲಿ, ವೈದ್ಯರೂ ಇರಲಿ ಎಂದು ಒಪ್ಪಿಸಿ. ಆದರೆ ಹೊಡೆಯುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಆಗಕೂಡದು. ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ‘ಅಂಥ ದನಿ ಇಲ್ಲವೇ ಇಲ್ಲ, ಸುಳ್ಳು ಹೇಳ್ತೀಯ’ ಎಂದು ತಮ್ಮನ ಜೊತೆ ವಾದಿಸಬೇಡಿ. ಅವನಿಗೆ ಅದು ನಿಜವಾಗಿಯೇ ಕೇಳುತ್ತಿದೆ. ‘ನನಗೆ ಕೇಳಸ್ತಿಲ್ಲ, ಆದ್ರ ನಿನಗ ತ್ರಾಸ ಆಗಾಕತ್ತೇತಿ ಅಂತ ಗೊತ್ತೈತಿ, ಡಾಕ್ಟರ್ ಹತ್ರ ಇಬ್ಬರೂ ಹೋಗೂಣು’ ಅನ್ನಿ. ಸಾಯಿ ಎಂದೋ, ಯಾರನ್ನಾದರೂ ಹೊಡಿ ಎಂದೋ ದನಿ ಹೇಳುತ್ತಿದ್ದರೆ ಅವನನ್ನು ಒಬ್ಬನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಗ್ರೂಪಿಗೆ ಕಳಿಸಬೇಕೆಂದಿದ್ದರೆ ಹಳೆಯ ಫಾರ್ವರ್ಡ್ ಬಿಟ್ಟು ಇದನ್ನು ಕಳಿಸಿ:

ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುವುದು ಹುಚ್ಚಲ್ಲ, ಮೆದುಳು ಯೋಚಿಸುವ ಒಂದು ರೀತಿ. ಬೇರೆಯವರ ದನಿ ಕೇಳಿಸಿ ಕಾಟ ಕೊಡುತ್ತಿದ್ದರೆ ಅದು ಗಾಳಿಯೂ ಅಲ್ಲ, ಅವರ ತಪ್ಪೂ ಅಲ್ಲ. ಮೆದುಳಿನ ತೊಂದರೆ, ಚಿಕಿತ್ಸೆ ಇದೆ. 14416ಕ್ಕೆ ಫೋನ್ ಮಾಡಿ.